ಇಲ್ಲದ ಶಾಲಿನ ಬಣ್ಣ

ಮೊನ್ನೆ ಲಕ್ಕುಂಡಿಯ ಚಿಗವ್ವನ ಮಗಳ ಮದುವೆಗೆ ಉಡಲೆಂದು ಅವ್ವನ ಟ್ರಂಕಿನಿಂದ ಒಂದು ಸೀರೆ ತೆಗೆದೆ. ಮಡಿಕೆ ಬಿಚ್ಚುತ್ತಿದ್ದಂತೆ ಒಳಗಿನಿಂದ ರಟ್ಟಿನ ತುಂಡೊಂದು ಕಾಲ ಮೇಲೆ ಬಿತ್ತು. ಸೀರೆ ಸೆಟೆದು ನಿಲ್ಲಲಿ ಎಂದು ಒಳಗೊಂದು ರಟ್ಟು ಇಡುವವರು ಬಹಳ. ನಮ್ಮಪ್ಪ ಅದಕ್ಕೆ ಅಂಗಡಿಯ ರಟ್ಟು ತರುವವನಲ್ಲ. ಮನೆಗೆ ಬಂದ ದಪ್ಪ ಆಮಂತ್ರಣ ಪತ್ರಿಕೆಗಳನ್ನೆಲ್ಲ ಜೋಪಾನ ಮಾಡಿ, ಅಳತೆಗೆ ಕತ್ತರಿಸಿ ಸೇರಿಸುತ್ತಾನೆ. ಹೀಗಾಗಿ ಅವನು ನೇಯ್ದ ಸೀರೆ ಕೊಂಡವರಿಗೆ ಅದರ ಹೊಟ್ಟೆಯಲ್ಲಿ ಯಾರದೋ ಗೃಹಪ್ರವೇಶ, ಯಾರದೋ ಮಗುವಿನ ಜವಳ ಪುಕ್ಕಟೆ ಸಿಗುತ್ತದೆ.

ಬಿದ್ದ ತುಂಡಿನ ಮೇಲೆ ಒಂದೂವರೆ ಸಾಲು ಉಳಿದಿತ್ತು. "ಬಿಸಿಯೂಟದ ಅಡುಗೆಯವರಾದ ಶ್ರೀಮತಿ ಶಂಕ್ರವ್ವ ಇವರಿಗೆ ಸನ್ಮಾನ" ಎಂದಿತ್ತು. ನಾನು ಸೀರೆಯನ್ನು ಅಲ್ಲೇ ಬಿಟ್ಟು ಟ್ರಂಕಿನ ಮೇಲೆ ಕುಳಿತುಬಿಟ್ಟೆ. ಅವ್ವ ಬಂದು, ಸೀರೆಯಲ್ಲಿ ಜಿರಲೆ ಇತ್ತೇನು ಎಂದು ಕೇಳಿದಳು. ಜಿರಲೆಯಾಗಿದ್ದರೆ ಚಪ್ಪಲಿಯಲ್ಲೇ ಮುಗಿಯುತ್ತಿತ್ತು.

ಮಾತು ಬಂತೆಂದು ಹೇಳುತ್ತೇನೆ, ನೇಕಾರರ ಮನೆಯ ಹೆಂಗಸರ ಟ್ರಂಕಿನಲ್ಲಿ ಇರುವುದೆಲ್ಲ ಗಂಡಂದಿರ ತಪ್ಪುಗಳು. ಎಳೆ ತಪ್ಪಿದ ಸೀರೆ, ದಡಿಯ ಬಣ್ಣ ಅರ್ಧಕ್ಕೆ ಬದಲಾದ ಸೀರೆ, ನೂಲು ಕೊಟ್ಟು ನೇಯಿಸುವ ಮಾಲಕರು ಬೇಡವೆಂದು ಬದಿಗಿಟ್ಟ ಸೀರೆ, ಎಲ್ಲ ಹೆಂಡತಿಯ ಪಾಲಿಗೆ. ಉಟ್ಟಮೇಲೆ ತಪ್ಪು ನಿರಿಗೆಯೊಳಗೆ ಹೋಗುತ್ತದೆ, ಯಾರು ನೋಡುತ್ತಾರೆ ಎನ್ನುವುದು ಅವ್ವನ ಸಮಾಧಾನ. ಅವಳ ಸಿಟ್ಟು ಇರುವುದು ಬೇರೆ ಕಡೆ. ಅಪ್ಪ ಸೀರೆ ಒಪ್ಪಿಸಲು ಹೋದಾಗ ತಪ್ಪು ಬಿದ್ದ ಜಾಗವನ್ನೇ ಮೊದಲು ಬಿಚ್ಚಿ ಮಾಲಕರ ಮುಂದೆ ಹಿಡಿಯುತ್ತಾನೆ. ಬಾಯಿ ಮುಚ್ಚಿಕೊಂಡು ಕೊಟ್ಟಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ಅವ್ವ ಎಷ್ಟು ಸಲ ಬೈದಿದ್ದಾಳೋ. ಅಪ್ಪ ಮುಂದಿನ ಸಲವೂ ಅದನ್ನೇ ಮಾಡುತ್ತಾನೆ.

ನಾನು ಪತ್ರಕರ್ತೆಯಾಗಬೇಕೆಂದುಕೊಂಡದ್ದು ಈ ಅಪ್ಪನ ಮಗ್ಗದ ಪಕ್ಕದಲ್ಲೇ. ಅವನದು ಕುಣಿಮಗ್ಗ. ಕಾಲು ತಗ್ಗಿನಲ್ಲಿ, ಕೈ ಲಾಳಿಯ ಮೇಲೆ, ಕಣ್ಣು ಎಳೆಯ ಮೇಲೆ. ಖಾಲಿ ಇರುವುದು ಕಿವಿ ಎರಡೇ. ಆ ಕಿವಿಗೆ ದಿನಾ ಮುಂಜಾನೆ ಪೇಪರ್ ಓದಿ ಹೇಳುವುದು ಮೂರನೇ ಇಯತ್ತೆಯಿಂದ ನನ್ನ ಕೆಲಸ. ನಾನು ಒಂದೊಂದು ಸುದ್ದಿ ಓದಿ ಮುಗಿಸಿದಾಗಲೂ ಅಪ್ಪ ಲಾಳಿ ನಿಲ್ಲಿಸದೆ ಒಂದು ಪ್ರಶ್ನೆ ಕೇಳುತ್ತಿದ್ದ.

"ಖರೆ ಏನು?"

"ಪೇಪರ್‌ನ್ಯಾಗ ಬಂದೈತೆಪ್ಪ."

"ಹಂಗಾರ ಖರೆ ಇರತೈತಿ."

ಓಣಿಯ ಮಾತನ್ನು ಅವನು ನಂಬುತ್ತಿರಲಿಲ್ಲ, ತನ್ನ ಅಣ್ಣನ ಮಾತನ್ನಂತೂ ಮೊದಲೇ ಇಲ್ಲ. ಪೇಪರಿನಲ್ಲಿ ಬಂದದ್ದನ್ನು ಮಾತ್ರ ನಂಬುತ್ತಿದ್ದ. ಅಪ್ಪನಂಥವನು ನಂಬುವ ಆ ಹಾಳೆಯ ಮೇಲೆ ನಾನೂ ಒಂದು ದಿನ ಬರೆಯಬೇಕು, ಬರೆದದ್ದೆಲ್ಲ ಖರೆ ಇರಬೇಕು ಎಂಬ ಆಸೆ ನನಗೆ ಹಾಗೆ ಹತ್ತಿಕೊಂಡಿತು.

ಆಸೆ ತಡೆಯದೆ ಐದನೇ ಇಯತ್ತೆಯಲ್ಲೇ ಒಂದು ಪತ್ರಿಕೆ ಶುರುಮಾಡಿದ್ದೆ. ನೋಟುಬುಕ್ಕಿನ ನಡುವಿನ ಹಾಳೆ ಕಿತ್ತು, "ಓಣಿ ಸುದ್ದಿ" ಎಂದು ಹೆಸರಿಟ್ಟು, ನಳದ ಹತ್ತಿರದ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದೆ. ಎದುರು ಮನೆಯವರು ತಮ್ಮ ಪಾಳಿ ಇಲ್ಲದಾಗಲೂ ಎರಡು ಕೊಡ ಜಾಸ್ತಿ ಹಿಡಿಯುತ್ತಾರೆ ಎಂಬುದು ಮೊದಲ ಸಂಚಿಕೆಯ ಮುಖ್ಯ ಸುದ್ದಿ. ನಾನೇ ನಿಂತು ಎಣಿಸಿದ್ದೆ, ಅಕ್ಷರ ಅಕ್ಷರ ಖರೆ. ಎರಡನೇ ಸಂಚಿಕೆ ಬರಲಿಲ್ಲ. ಎದುರು ಮನೆಯವರು ಅವ್ವನ ಸಂಗಡ ದಸರೆಯವರೆಗೆ ಮಾತು ಬಿಟ್ಟರು, ನನ್ನ ಬೆನ್ನ ಮೇಲೆ ಅವ್ವನ ಕೈಯ ಮುದ್ರೆ ಬಿತ್ತು. ಆ ಪೆಟ್ಟಿನಿಂದ ನನಗೆ ಸಿಕ್ಕ ತಿಳಿವಳಿಕೆ ಎಂದರೆ, ಖರೆ ಬರೆದವರಿಗೆ ಕಷ್ಟ ಕಟ್ಟಿಟ್ಟದ್ದು, ಆದ್ದರಿಂದ ನಾನು ಸರಿಯಾದ ದಾರಿಯಲ್ಲೇ ಇದ್ದೇನೆ ಎಂಬುದು. ಹತ್ತು ವರ್ಷದ ಹುಡುಗಿಗೆ ಇಷ್ಟು ಸೊಕ್ಕು ಇರಬಾರದಿತ್ತು.

ಮುಂದೆ ಪತ್ರಿಕೋದ್ಯಮವನ್ನೇ ಓದಿದೆ. ಓದು ಮುಗಿಸಿ ಒಂದು ದಿನಪತ್ರಿಕೆಗೆ ಈ ಭಾಗದ ಸುದ್ದಿ ಕಳಿಸುವ ವರದಿಗಾರ್ತಿಯಾದೆ. ಗದಗಿನ ದೊಡ್ಡ ಸುದ್ದಿ ಬರೆಯಲು ಬೇರೆಯವರಿದ್ದರು. ನನಗೆ ಕೊಟ್ಟದ್ದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಕಾಯಂ ನೌಕರಿಯಲ್ಲ, ಆರು ತಿಂಗಳು ಕೆಲಸ ನೋಡಿ ಹೇಳುತ್ತೇವೆ ಎಂದಿದ್ದರು. ಲಕ್ಕುಂಡಿಯ ಚಿಗವ್ವನಿಗೆ ಇದನ್ನು ತಿಳಿಸಿ ಹೇಳಲು ಆಗಲೇ ಇಲ್ಲ. ನಾನು ಬೆಳಿಗ್ಗೆ ಎದ್ದು ಮನೆ ಮನೆಗೆ ಪೇಪರ್ ಹಾಕುತ್ತೇನೆ ಎಂದೇ ಅವಳು ತಿಳಿದಿದ್ದಾಳೆ. ಇಷ್ಟು ಓದಿ ಈ ಕೆಲಸವೇ ಎಂದು ಮರುಗುತ್ತಾಳೆ, ಮರುಗಿದ ಮೇಲೆ ಗೋಡೆಯ ಗೂಡಿಗೆ ಹಾಸಲು ಹಳೇ ಪೇಪರ್ ತಾ ಎನ್ನುತ್ತಾಳೆ.

ಕೆಲಸ ಕಲಿಸಿದವರು ಲಕ್ಷ್ಮೇಶ್ವರದ ಹಂಪಣ್ಣ ಕಾಕಾ. ಇಪ್ಪತ್ತೈದು ವರ್ಷದಿಂದ ಸುದ್ದಿ ಕಳಿಸುತ್ತಿದ್ದ ಹಿರಿಯರು, ಮನಸ್ಸು ಮೆದು, ಚಹಾ ಕುಡಿಸದೆ ಕಳಿಸಿದವರಲ್ಲ. ಮೂರು ತಾಲ್ಲೂಕು, ಒಬ್ಬಳೇ ಹುಡುಗಿ, ಬಸ್ಸಿನ ಓಡಾಟ. ಒಂದೇ ದಿನ ಮೂರು ಕಡೆ ಕಾರ್ಯಕ್ರಮ ಇದ್ದರೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಅವರು ನಕ್ಕು, ಆಮಂತ್ರಣದ ಕಾರ್ಡು ಇಸಿದುಕೊಂಡರೆ ಕಾರ್ಯಕ್ರಮ ಅರ್ಧ ಮುಗಿದಂತೆ ಎಂದರು. ಕಾರ್ಡಿನಲ್ಲಿ ಉದ್ಘಾಟಕರು, ಅಧ್ಯಕ್ಷರು, ಸನ್ಮಾನಿತರು ಎಲ್ಲರ ಹೆಸರೂ ಇರುತ್ತದೆ. ಅದನ್ನು "ಉದ್ಘಾಟಿಸಿದರು", "ವಹಿಸಿದ್ದರು", "ಸನ್ಮಾನಿಸಲಾಯಿತು" ಎಂದು ಮಾಡಿದರೆ ವರದಿ. ಭಾಷಣದ ಚಿಂತೆ ಬೇಡ. ಶಾಲೆಯ ಕಾರ್ಯಕ್ರಮವಾದರೆ ಶಿಕ್ಷಣದ ಮಹತ್ವ, ರೈತರದಾದರೆ ದೇಶದ ಬೆನ್ನೆಲುಬು, ಮಹಿಳೆಯರದಾದರೆ ಸ್ವಾವಲಂಬನೆ. ಅಧಿಕಾರಿ ಬಂದಿದ್ದರೆ "ಕರೆ ನೀಡಿದರು", ರಾಜಕೀಯದವರು ಬಂದಿದ್ದರೆ "ಭರವಸೆ ನೀಡಿದರು", ನಿವೃತ್ತ ಪ್ರಾಧ್ಯಾಪಕರು ಬಂದಿದ್ದರೆ "ಕಳವಳ ವ್ಯಕ್ತಪಡಿಸಿದರು". ಇಪ್ಪತ್ತೈದು ವರ್ಷದಲ್ಲಿ ಯಾರೂ ಇದರ ಆಚೆ ಮಾತಾಡಿಲ್ಲ ಎಂದು ಕಾಕಾ ಆಣೆ ಮಾಡಿ ಹೇಳುತ್ತಿದ್ದರು. ನಾನೂ ಕೆಲವು ಸಲ ಹೋಗಿ ಕುಳಿತು ನೋಡಿದೆ. ಅವರು ಹೇಳಿದ್ದು ಬಹುಮಟ್ಟಿಗೆ ನಿಜವೇ ಇತ್ತು.

ಆ ಭಾನುವಾರ ಮುಂಡರಗಿಯಲ್ಲಿ ಒಂದು ಓಣಿಗೆ ವಾರಗಟ್ಟಲೆ ನೀರು ಬಿಟ್ಟಿರಲಿಲ್ಲ. ನಳ, ಕೊಡ, ಪಾಳಿ, ನನ್ನ ಹಳೇ ವಿಷಯ. ಇದೇ ನಿಜವಾದ ಪತ್ರಿಕೋದ್ಯಮ ಎಂದು ಇಡೀ ದಿನ ಅಲ್ಲಿ ಕಳೆದೆ. ಮನೆ ಮನೆ ತಿರುಗಿ, ಹೇಳಿದ್ದನ್ನೆಲ್ಲ ಎರಡೆರಡು ಸಲ ಕೇಳಿ ಬರೆದುಕೊಂಡೆ. ಅದೇ ದಿನ ಶಿರಹಟ್ಟಿಯ ಸಭಾಭವನವೊಂದರಲ್ಲಿ ಯಾವುದೋ ಸಂಘದವರ ಸನ್ಮಾನ ಸಮಾರಂಭವೂ ಇತ್ತು. ಅದರ ಕಾರ್ಡು ಚೀಲದಲ್ಲಿತ್ತು. ಸಂಘದವರು ದೀಪ ಹಚ್ಚುವ ಫೋಟೋ ವಾಟ್ಸಾಪಿಗೆ ಕಳಿಸಿದ್ದರು. ಮುಂಡರಗಿಯ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, ಗದಗಿನ ಬಸ್ಸು ಬರುವಷ್ಟರಲ್ಲಿ ಆ ವರದಿ ಬರೆದು ಮುಗಿಸಿದೆ. ಬೆಳ್ಳಟ್ಟಿ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಬಿಸಿಯೂಟ ಬೇಯಿಸಿದ ಶಂಕ್ರವ್ವನ ಹೆಸರು ಕಾರ್ಡಿನ ಕೊನೆಯಲ್ಲಿತ್ತು. ಕೊನೆಯವರೆಂದು ಮರುಕ ಬಂದು, ಅವರಿಗೆ ಮಾತ್ರ ಒಂದು ವಾಕ್ಯ ಹೆಚ್ಚು ಕೊಟ್ಟೆ. "ಶಾಲು ಹೊದಿಸಿ, ಫಲಪುಷ್ಪ ನೀಡಿ ಸನ್ಮಾನಿಸಿದಾಗ ಶಂಕ್ರವ್ವ ಭಾವುಕರಾದರು" ಎಂದು ಬರೆದೆ.

ಮಾರನೆಯ ದಿನ ಮುಂಡರಗಿಯ ನೀರು ನಾಲ್ಕು ಸಾಲಿಗೆ ಇಳಿದಿತ್ತು. ಶಿರಹಟ್ಟಿಯ ಸನ್ಮಾನ ಫೋಟೋ ಸಮೇತ ಬಂದಿತ್ತು, ಕೆಳಗೆ ಮೊದಲ ಸಲ ನನ್ನ ಹೆಸರಿತ್ತು. ಅಪ್ಪನಿಗೆ ಓದಿ ಹೇಳಿದೆ. ಅವನು ರೂಢಿಯಂತೆ ಖರೆ ಏನು ಎಂದು ಕೇಳಿದ.

"ನಾನ ಬರದೀನೆಪ್ಪ."

"ಹಂಗಾರ ಖರೆ," ಎಂದ. ಈ ಸಲ ಇರತೈತಿ ಎಂದು ಸೇರಿಸಲಿಲ್ಲ. ಆಮೇಲೆ ಓಣಿಯಲ್ಲಿ ನಾಲ್ಕು ಜನರಿಗೆ, ಅಡುಗೆ ಮಾಡುವ ಮುದುಕಿಯೊಬ್ಬಳಿಗೆ ಶಾಲು ಹೊಚ್ಚಿದರಂತೆ, ನನ್ನ ಮಗಳು ಬರೆದಿದ್ದಾಳೆ ಎಂದು ಹೇಳಿಕೊಂಡು ಬಂದ. ಕಾರ್ಡನ್ನೂ ಇಸಿದುಕೊಂಡ, ದಪ್ಪಗಿತ್ತು.

ವಾರದ ಮೇಲೆ ಒಂದು ಫೋನು ಬಂತು. ಹೆಣ್ಣು ಧ್ವನಿ, ಹಿಂದೆ ಕೋಳಿ ಕೂಗು. ಬೆಳ್ಳಟ್ಟಿಯಲ್ಲಿ ಪೇಪರ್ ಮಾರುವವರ ಕಡೆಯಿಂದ ನಂಬರ್ ತಗೊಂಡೆ, ನಾನು ಶಂಕ್ರವ್ವನ ಸೊಸೆ ನೀಲವ್ವ ಎಂದಳು. ಹೊಗಳಲಿಕ್ಕೆ ಮಾಡಿದ್ದಾಳೆ ಎಂದುಕೊಂಡು ಹಿಗ್ಗಿದೆ.

"ನಮ್ಮತ್ತಿಗೆ ಶಾಲು ಹೊಚ್ಚ್ಯಾರಂತ ಬರದೀರಲ್ರಿ. ಆ ಶಾಲು ಯಾವ ಬಣ್ಣದ್ದಿತ್ರಿ?"

ನನಗೆ ಗೊತ್ತಿಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಕಣ್ಣಾರೆ ನೋಡಿದವಳಂತೆ "ಭಾವುಕರಾದರು" ಎಂದು ಬರೆದವಳು ಬಣ್ಣ ಗೊತ್ತಿಲ್ಲ ಎನ್ನುವುದು ಹೇಗೆ? ಸನ್ಮಾನದ ಶಾಲು ಇನ್ಯಾವ ಬಣ್ಣ ಇದ್ದೀತು?

"ಕೆಂಪು ಇತ್ರಿ," ಎಂದೆ.

"ಆತ್ರಿ, ಅಷ್ಟ ಬೇಕಾಗಿತ್ತು," ಎಂದು ಫೋನ್ ಇಟ್ಟಳು. ಆ "ಅಷ್ಟ ಬೇಕಾಗಿತ್ತು" ನನ್ನ ಊಟ ಕೆಡಿಸಿತು. ಸಂಘದವರಿಗೆ ಫೋನ್ ಮಾಡಿದೆ. ಅವರು ಸಂಕೋಚಪಡದೆ ನಡೆದದ್ದನ್ನು ಹೇಳಿದರು. ಅಂದು ಮುಖ್ಯ ಅತಿಥಿ ಎರಡು ತಾಸು ತಡವಾಗಿ ಬಂದರು. ಸಂಗಡ ಕಾರ್ಡಿನಲ್ಲಿ ಇಲ್ಲದ ಇಬ್ಬರನ್ನು ಕರೆತಂದಿದ್ದರು. ವೇದಿಕೆ ಹತ್ತಿದವರಿಗೆ ಶಾಲು ಹಾಕದಿದ್ದರೆ ಹೇಗೆ? ತಂದ ಶಾಲು ಅಲ್ಲಿಗೇ ಮುಗಿದವು. ಕೊನೆಯ ಇಬ್ಬರ ಸನ್ಮಾನವನ್ನು ಸಮಯದ ಅಭಾವದಿಂದ ಕೈಬಿಡಲಾಯಿತು. ಮುದುಕಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳಂತೆ, ಯಾವಾಗ ಎದ್ದು ಹೋದಳೋ ಯಾರೂ ನೋಡಲಿಲ್ಲವಂತೆ.

ಅತ್ತ ಆ ಮನೆಯಲ್ಲಿ ಏನಾಗಿತ್ತೆಂಬುದು ಆಮೇಲೆ ತಿಳಿಯಿತು. ಶಂಕ್ರವ್ವ ಒಬ್ಬಳೇ ಶಿರಹಟ್ಟಿಗೆ ಹೋಗಿ, ಸಂಜೆ ಬಸ್ಸಿಗೆ ಬರಿಗೈಲಿ ಬಂದು, ಯಾರೂ ಏನೂ ಕೊಡಲಿಲ್ಲ ಎಂದಿದ್ದಳು. ಮರುದಿನ ಪೇಪರಿನಲ್ಲಿ ಶಾಲು ಬಂತು. ಮುಂಡರಗಿಗೆ ಕೊಟ್ಟ ಮಗಳಿಗೆ ಅತ್ತೆ ಶಾಲು ಸಾಗಿಸಿದ್ದಾಳೆ, ಕೇಳಿದರೆ ಸುಳ್ಳು ಹೇಳುತ್ತಾಳೆ ಎಂದು ಸೊಸೆಗೆ ಅನುಮಾನ. ನನ್ನಿಂದ ಬಣ್ಣ ಖಾತ್ರಿ ಮಾಡಿಕೊಂಡು ನೆವ ಮಾಡಿ ಮುಂಡರಗಿಗೇ ಹೋಗಿಬಂದಳು. ಅಲ್ಲಿ ಗೂಟಕ್ಕೆ ಕೆಂಪು ಶಾಲೊಂದು ತೂಗುತ್ತಿತ್ತು. ನಮ್ಮ ಸೀಮೆಯಲ್ಲಿ ಯಾರ ಮನೆಯ ಗೂಟಕ್ಕೆ ಒಂದು ಕೆಂಪು ಶಾಲು ಇರುವುದಿಲ್ಲ? ಅಂದಿನಿಂದ ಅತ್ತೆ ಸೊಸೆ ಮಾತು ಬಿಟ್ಟು, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ್ದರು.

ನಾನು ಲಕ್ಷ್ಮೇಶ್ವರಕ್ಕೆ ಹೋಗಿ ಕಾಕಾನ ಮುಂದೆ ಎಲ್ಲ ಹೇಳಿದೆ. ತಪ್ಪಾಯಿತೆಂದು ಪೇಪರಿನಲ್ಲಿ ಹಾಕಿಸುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ತಪ್ಪು ಮಾಡಿದವರನ್ನ ಡೆಸ್ಕಿನವರು ಮರೀತಾರ ತಂಗಿ. ಒಪ್ಪಿಕೊಂಡವರನ್ನ ಮರೆಯೂದಿಲ್ಲ. ನಿನ್ನ ಆರು ತಿಂಗಳು ಮುಗಿಯಾಕ ಇನ್ನ ಮೂರು ವಾರ ಐತಿ." ನಂತರ ಒಳಗೆ ಹೋಗಿ ಕಪಾಟಿನಿಂದ ಮಡಿಕೆ ಬಿಚ್ಚದ ಶಾಲೊಂದನ್ನು ತಂದರು. ಅವರಿಗೇ ಸನ್ಮಾನದಲ್ಲಿ ಬಂದದ್ದು, ಕೆಂಪು. ಇದನ್ನು ಒಯ್ದು ಮುದುಕಿಗೆ ಹೊದಿಸಿ ಒಂದು ಫೋಟೋ ತೆಗೆ, ಸುದ್ದಿ ತಾನೇ ಖರೆ ಆಗುತ್ತದೆ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನ್ನ ನೌಕರಿ ಉಳಿಯಲಿ, ಮುದುಕಿಗೂ ಶಾಲು ಸಿಗಲಿ ಎಂದೇ ಹೇಳಿದರು. ನನಗೂ ಅದು ಚೆನ್ನಾಗಿ ಕಂಡಿತು ಎಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಶಾಲನ್ನು ಚೀಲದಲ್ಲಿ ಹಾಕಿಕೊಂಡು ಬೆಳ್ಳಟ್ಟಿ ಬಸ್ಸು ಹತ್ತಿದೆ.

ಶಂಕ್ರವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಸಣ್ಣ ಆಳು, ಕೈ ಮಾತ್ರ ದೊಡ್ಡವು. ನೂರಾರು ಮಕ್ಕಳಿಗೆ ಸಾರು ತಿರುವಿದ ಕೈ. ಪೇಪರಿನವಳು ಎಂದ ಕೂಡಲೇ "ಬರ್ರಿ, ಕುಂಡ್ರಿ" ಎಂದು ಚಾಪೆ ಹಾಸಿದಳು. ನಾನು ಕಾರ್ಯಕ್ರಮಕ್ಕೆ ಹೋಗಿರಲಿಲ್ಲ, ಕಾರ್ಡು ನೋಡಿ ಬರೆದೆ ಎಂದು ಹೇಳಿ ಶಾಲು ತೆಗೆದೆ. ಅವಳು ಅದನ್ನು ಮುಟ್ಟಲೂ ಇಲ್ಲ. ಬರ್ರಿ ಕುಂಡ್ರಿ ಎಂಬ ಬಹುವಚನ ಅಲ್ಲಿಗೇ ನಿಂತಿತು.

"ಈಗ ನಾ ಇದನ್ನ ಹೊಚಗೊಂಡ್ರ, ಮುದುಕಿ ಮುಚ್ಚಿಟ್ಟಿದ್ದು ಖರೆ ಅಂತಾಳ ಸೊಸಿ. ಇದನ್ನ ಒಯ್ಯವ್ವ ನೀನು. ನನಗ ಏನೂ ಹಾಕಿಲ್ಲಂತ ಬರಿ."

ಹಾಗೆ ಬರೆದರೆ ಊರವರ ಮುಂದೆ ನಿಮಗೆ ಕಡಿಮೆಯಾಗುತ್ತದಲ್ಲ ಆಯಿ ಎಂದೆ.

"ಕಡಿಮಿ ಅವತ್ತ ಆತವ್ವ, ಮುಂದಿನ ಸಾಲಿನ್ಯಾಗ ಕುಂತಾಗ. ಅದನ್ನ ತಡಕೊಂಡೆ. ಮನ್ಯಾಗ ಕಳ್ಳಿ ಆಗೂದನ್ನ ತಡಕೊಳ್ಳಾಕ ಆಗವಲ್ದು."

ಅಷ್ಟು ಹೇಳಿ ಮತ್ತೆ ಶೇಂಗಾ ಸುಲಿಯತೊಡಗಿದಳು. ನನಗೆ ಅಳು ಬಂತು. ಅತ್ತರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು, ಅದೊಂದು ಭಾರವೂ ಬೇಡವೆಂದು ನುಂಗಿಕೊಂಡೆ. ಹೊಲದಿಂದ ಬಂದ ನೀಲವ್ವನಿಗೂ ಎಲ್ಲ ಹೇಳಿದೆ. ಅವಳು ನನ್ನನ್ನೂ ಅತ್ತೆಯನ್ನೂ ಚೀಲದ ಶಾಲನ್ನೂ ನೋಡಿದಳು. ಅತ್ತೆ ನನ್ನನ್ನು ಕರೆಸಿ ಹೇಳಿಸುತ್ತಿದ್ದಾಳೆ ಎಂದೇ ಅವಳ ಲೆಕ್ಕ. "ಬಾಯಿಲೆ ಹೇಳಿದ್ರ ಹೆಂಗ ನಂಬೂದ್ರಿ? ಪೇಪರ್‌ನ್ಯಾಗ ಬಂದೈತಿ," ಎಂದಳು. ನಮ್ಮಪ್ಪನ ಮಾತು ಅವಳ ಬಾಯಿಂದ ಕೇಳಿದಂತಾಯಿತು. ನಾನು ಜೀವಮಾನವೆಲ್ಲ ಆಸೆಪಟ್ಟ ನಂಬಿಕೆ ಅದೇ. ಅದು ಎದುರಿಗೆ ಬಂದು ನಿಂತಾಗ ಹೆದರಿಕೆಯಾಯಿತು.

ಅಂದೇ ಮೂರು ವಾಕ್ಯ ಬರೆದು ಕಳಿಸಿದೆ. ಶಂಕ್ರವ್ವ ಅವರನ್ನು ಸನ್ಮಾನಿಸಲಾಯಿತು ಎಂದು ತಪ್ಪಾಗಿ ಪ್ರಕಟವಾಗಿದೆ. ಅವರಿಗೆ ಶಾಲು ಹೊದಿಸಿರಲಿಲ್ಲ. ವರದಿಗಾರ್ತಿ ಕಾರ್ಯಕ್ರಮಕ್ಕೆ ಹೋಗಿರಲಿಲ್ಲ. ಡೆಸ್ಕಿನಿಂದ ಫೋನ್ ಬಂತು. ಇಷ್ಟು ಸಣ್ಣದಕ್ಕೆ ಯಾರು ತಿದ್ದುಪಡಿ ಕೇಳುತ್ತಾರೆ ಎಂದರು. ಶಂಕ್ರವ್ವನ ಮನೆಯವರು ಕೇಳಿದ್ದಾರೆ ಎಂದೆ. ಮೂರನೇ ವಾಕ್ಯ ತೆಗೆಯುತ್ತೇವೆ, ಪತ್ರಿಕೆಯ ಮರ್ಯಾದೆಯ ಪ್ರಶ್ನೆ ಎಂದರು. ಅದೇ ಮುಖ್ಯ ಎಂದು ವಾದ ಮಾಡಿದೆ. ನಿನ್ನ ಆರು ತಿಂಗಳು ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಹೇಳಿದೆ. ಹಾಗಾದರೆ ಎರಡೇ ವಾಕ್ಯ ಹಾಕುತ್ತೇವೆ ಎಂದರು, ನಾನು ವಾದ ಬಿಟ್ಟೆ.

ಎರಡು ದಿನ ಬಿಟ್ಟು ಜಿಲ್ಲಾ ಪುಟದ ಮೂಲೆಯಲ್ಲಿ ಎರಡು ವಾಕ್ಯ ಬಂದವು. ಮೂರನೆಯದು ಇರಲಿಲ್ಲ. ಅಪ್ಪ ಮಗ್ಗಕ್ಕೆ ಇಳಿಯುವ ಮೊದಲೇ ಪೇಪರ್ ಎತ್ತಿಕೊಂಡು ಬಸ್ಸು ಹತ್ತಿದೆ. ಅಪ್ಪನಿಗೆ ಓದಿ ಹೇಳುವ ಧೈರ್ಯ ಸಾಲಲಿಲ್ಲ ಎಂಬುದೂ ಆ ಅವಸರದಲ್ಲಿ ಸೇರಿತ್ತು.

ನೀಲವ್ವ ರೊಟ್ಟಿ ಬಡಿಯುತ್ತಿದ್ದಳು, ಶಂಕ್ರವ್ವ ಮೂಲೆಯ ತನ್ನ ಒಲೆ ಊದುತ್ತಿದ್ದಳು. ಇಬ್ಬರಿಗೂ ಕೇಳುವಂತೆ ಎರಡು ವಾಕ್ಯ ಓದಿದೆ. ಮೂರನೆಯದನ್ನೂ ಓದಿದಂತೆಯೇ ಹೇಳಿದೆ. ನೀಲವ್ವ ಶಾಲೆ ಕಲಿತವಳು, ಹಿಟ್ಟಿನ ಕೈ ಒರೆಸಿಕೊಂಡು ಪೇಪರ್ ಇಸಿದುಕೊಂಡು ಬೆರಳಿಟ್ಟು ಓದಿದಳು.

"ಇದರಾಗ ಎರಡ ಐತ್ರಿ. ನೀವು ಹೋಗಿದ್ದಿಲ್ಲ ಅನ್ನೂದು ಎಲ್ಲೈತ್ರಿ?"

"ಅದನ್ನ ಅವರು ಹಾಕಿಲ್ಲ. ನಾ ಹೇಳಾಕತ್ತೀನಿ."

"ಹಂಗಾರ ಬರದು ಸಹಿ ಮಾಡ್ರಿ."

ಎರಡು ಸಾಲಿನ ಕೆಳಗೆ, ಗೊಬ್ಬರದ ಜಾಹೀರಾತಿನ ಖಾಲಿ ಜಾಗದಲ್ಲಿ, ನಾನು ಕಾರ್ಯಕ್ರಮಕ್ಕೆ ಹೋಗಿರಲಿಲ್ಲ, ಶಾಲಿನ ಬಣ್ಣ ನೋಡಿರಲಿಲ್ಲ, ಕೆಂಪು ಎಂದದ್ದು ಸುಳ್ಳು ಎಂದು ಪೆನ್ನಿನಿಂದ ಬರೆದು ಸಹಿ ಹಾಕಿದೆ. ಕಾಲೇಜಿನ ಮೂರು ವರ್ಷ, ಕೆಲಸದ ಆರು ತಿಂಗಳು ಎಲ್ಲ ಸೇರಿ ನಾನು ಬರೆದ ಖಾತ್ರಿ ಸುದ್ದಿ ಅದೊಂದೇ ಎನ್ನಿಸಿತು. ನೀಲವ್ವ ಅದನ್ನು ಮತ್ತೊಮ್ಮೆ ಓದಿದಳು. ಅತ್ತೆಯ ಕಡೆ ನೋಡಲಿಲ್ಲ. ಹೋಗಿ ತನ್ನ ಒಲೆಯ ಮೇಲಿದ್ದ ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿ, ಪಲ್ಯ ಬಡಿಸಿ, ಶಂಕ್ರವ್ವನ ಮುಂದೆ ಇಟ್ಟಳು. ಶಂಕ್ರವ್ವ ಊದುವುದನ್ನು ನಿಲ್ಲಿಸಿ, ನನ್ನನ್ನು ತೋರಿಸಿ, ಇವಳಿಗೂ ಒಂದು ತಾಟು ಹಾಕು ಎಂದಳು. ಎರಡು ಒಲೆ ಹೂಡಿದ ಮೇಲೆ ಅವಳು ಸೊಸೆಯ ಜೊತೆ ಆಡಿದ ಮೊದಲ ಮಾತು ಅದಂತೆ.

ಮಾರನೆಯ ಮುಂಜಾನೆ ಅಪ್ಪ, ನಿನ್ನೆಯ ಪೇಪರ್ ಎಲ್ಲಿ ಎಂದ. ಅದು ಹಳ್ಳಿಯಲ್ಲೇ ಉಳಿದಿತ್ತು. ಮಗ್ಗದ ಪಕ್ಕ ಕುಳಿತು ಪೇಪರಿಲ್ಲದೆ ಎಲ್ಲವನ್ನೂ ಹೇಳಿದೆ, ಮೂರನೇ ವಾಕ್ಯದಿಂದಲೇ ಶುರುಮಾಡಿದೆ. ಲಾಳಿ ನಿಂತಿತು. ಪೇಪರ್ ಓದುವಾಗ ಅದು ನಿಂತದ್ದು ನನಗೆ ನೆನಪಿಲ್ಲ. ಅಪ್ಪ ಬೈಯುತ್ತಾನೆ ಎಂದುಕೊಂಡೆ. ಅವನು ಮುದುಕಿಗೆ ಹೇಳಿಬಂದೆಯಾ ಎಂದಷ್ಟೇ ಕೇಳಿದ. ಬಂದೆ ಎಂದೆ. ಅಂದು ಸಂಜೆ ಅಂಗಿ ಹಾಕಿಕೊಂಡು, ಶಾಲಿನ ಸುದ್ದಿ ಹೇಳಿದ್ದ ಆ ನಾಲ್ಕೂ ಮನೆಗೆ ಹೋಗಿ, ಅದು ಖರೆ ಅಲ್ಲವಂತೆ, ನನ್ನ ಮಗಳೇ ಹೇಳಿದಳು ಎಂದು ಹೇಳಿ ಬಂದ.

ಆರು ತಿಂಗಳು ಮುಗಿದ ಮೇಲೆ ಆ ಪತ್ರಿಕೆಯವರು ಕರೆಯಲಿಲ್ಲ. ಈಗ ಬೇರೊಂದು ಸಣ್ಣ ಪತ್ರಿಕೆಗೆ ಬರೆಯುತ್ತೇನೆ. ದಿನಕ್ಕೆ ಒಂದೇ ಕಾರ್ಯಕ್ರಮ, ಕೊನೆಯ ವಂದನಾರ್ಪಣೆಯವರೆಗೆ ಕೂಡುತ್ತೇನೆ. ಹಂಪಣ್ಣ ಕಾಕಾ ಹೇಳಿದ್ದು ಸುಳ್ಳಲ್ಲ, ಭಾಷಣಗಳು ಈಗಲೂ ಅವೇ. ಕಾಕಾಗೆ ಅವರ ಶಾಲನ್ನು ವಾಪಸು ಕೊಟ್ಟೆ. ಮೊನ್ನೆ ಸಿಕ್ಕ ರಟ್ಟಿನ ತುಂಡನ್ನು ಸೀರೆಯ ಮಡಿಕೆಯಲ್ಲಿ ಇದ್ದ ಜಾಗದಲ್ಲೇ ಇಟ್ಟೆ.

ಅಪ್ಪನಿಗೆ ಈಗಲೂ ಮುಂಜಾನೆ ಪೇಪರ್ ಓದುತ್ತೇನೆ. ಬೇರೆಯವರ ಸುದ್ದಿಗೆ ಅವನು ಹಳೆಯದನ್ನೇ ಕೇಳುತ್ತಾನೆ, ಖರೆ ಏನು ಎಂದು. ನನ್ನ ಹೆಸರಿದ್ದ ಸುದ್ದಿ ಬಂದಾಗ ಮಾತ್ರ ಲಾಳಿ ಹಿಡಿದು ನಿಲ್ಲಿಸುತ್ತಾನೆ.

"ನೀ ಹೋಗಿದ್ದಿ ಏನು?"

"ಹೋಗಿದ್ದೆ ಅಪ್ಪ."

ಆಮೇಲೆ ಲಾಳಿ ಬಿಡುತ್ತಾನೆ.